ನಮ್ಮ ಸಹಕಾರಿ ಮಳಿಗೆ ಕಡಲೆಬೀಜ ವಾಪಸ್ ಪಡೆದ ಬಗೆ: ಒಂದು ವಿಮರ್ಶೆ

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ನಿವಾಸಿಗಳೇ ಷೇರುದಾರರಾಗಿ ನಡೆಸುತ್ತಿರುವ ಗ್ರಾಹಕರ ಸಹಕಾರ ಸಂಘದ ಮಳಿಗೆಯನ್ನು ಕುರಿತು ಈ ವಿಮರ್ಶೆ. ಅಲ್ಲಿಯ ಅಕ್ಕಿ ಬೇಳೆಗಳ ಗುಣಮಟ್ಟ, ಬೆಲೆ, ಸಿಬ್ಬಂದಿಯ ನಡವಳಿಕೆ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಮೂರೂ ಚೆನ್ನಾಗಿವೆ. ನಾನು ಇಲ್ಲಿ ಪರಿಶೀಲಿಸುತ್ತಿರುವುದು ಅಂಗಡಿಗಳ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಪ್ರಶ್ನೆಯನ್ನು: ಮಾರಿಬಿಟ್ಟ ಪದಾರ್ಥದಲ್ಲಿ ದೋಷವಿದೆ ಎಂದು ತಿಳಿದ ಮೇಲೆ ಅದನ್ನು ನಮ್ಮ ಅಡುಗೆಮನೆಗಳಿಂದ ಹಿಂದಕ್ಕೆ ತರಿಸಿಕೊಳ್ಳುವ ಶಕ್ತಿ ಈ ಮಳಿಗೆಗೆ ಇದೆಯೇ? ಕಳೆದ ಮಳೆಗಾಲದ ಕೊನೆಯಲ್ಲಿ ಮಳಿಗೆಯ ಕಡಲೆಬೀಜದಲ್ಲಿ ಬೂಷ್ಟು ಕಾಣಿಸಿಕೊಂಡು, ಆ ಮಾಲನ್ನು ಸದಸ್ಯರ ಮನೆಗಳಿಂದ ವಾಪಸ್ ಪಡೆಯಬೇಕಾಗಿ ಬಂದದ್ದರಿಂದ, ಈ ಪ್ರಶ್ನೆಗೆ ಊಹೆಯಿಂದಲ್ಲದೆ ಕಣ್ಣಾರೆ ಕಂಡದ್ದರಿಂದಲೇ ಉತ್ತರಿಸಲು ಸಾಧ್ಯವಾಗಿದೆ.

ಸಂಘವು ಚಳ್ಳಕೆರೆ, ಪಾವಗಡ ಕಡೆಯ ರೈತರ ಗುಂಪುಗಳಿಂದ ಕಡಲೆಬೀಜವನ್ನೂ, ಬೇರೆ ಕಡೆಗಳಿಂದ ರಾಗಿ, ನವಣೆ, ತೊಗರಿಬೇಳೆ, ಬೆಲ್ಲ, ಅರಿಶಿನಗಳನ್ನೂ ಗೋಣಿಚೀಲಗಳಲ್ಲಿ ನೇರವಾಗಿ ತರಿಸುತ್ತದೆ. ಮಳಿಗೆಯ ಹಿಂಬದಿಯ ಕೋಣೆಯಲ್ಲಿ ಸದಸ್ಯರೇ ಸರದಿಯ ಮೇಲೆ ಕುಳಿತು ಅವನ್ನು ಆರಿಸಿ, ತೂಗಿ, ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳನ್ನು ಕಟ್ಟುತ್ತಾರೆ. ಡಬ್ಬಿ ತಂದವರಿಗೆ ಸ್ಟೀಲ್ ಡ್ರಮ್ಮಿನಿಂದ ಬಿಡಿಯಾಗಿಯೂ ಅಳೆದು ಕೊಡಲಾಗುತ್ತದೆ. ಪ್ರತಿ ಬಿಲ್ಲಿನ ಮೇಲೂ ಸದಸ್ಯತ್ವ ಸಂಖ್ಯೆ ಮುದ್ರಿತವಾಗುತ್ತದೆ. ಈ ಕೊನೆಯ ಸಂಗತಿ ಸಣ್ಣದೆಂದು ತೋರಿದರೂ ಮುಂದಿನ ಎಲ್ಲಕ್ಕೂ ಅದೇ ಆಧಾರವಾಯಿತು.

ಚಟ್ನಿಗೆಂದು ಬೀಜ ಹುರಿಯುತ್ತಿದ್ದ ಸದಸ್ಯೆಯೊಬ್ಬರಿಗೆ ಮುಗ್ಗಲು ವಾಸನೆ ಬಂದು, ಬಾಯಿಗೆ ಹಾಕಿಕೊಂಡ ಕಾಳು ಕಹಿಯೆನಿಸಿ, ಉಳಿದ ಬೀಜಗಳನ್ನು ಬಿಡಿಸಿ ನೋಡಿದಾಗ ಬೇಳೆಗಳ ನಡುವೆ ಹಸಿರು ಮಿಶ್ರಿತ ಬೂದು ಬಣ್ಣದ ಬೂಷ್ಟು ಕಂಡಿತು. ಅವರು ಪೊಟ್ಟಣವನ್ನು ಮಳಿಗೆಗೆ ತಂದು ತೋರಿಸಿದರು. ಬಹಳಷ್ಟು ಅಂಗಡಿಗಳಲ್ಲಿ ಇಂಥ ದೂರು ಒಂದು ಪೊಟ್ಟಣ ಬದಲಾಯಿಸಿ ಕೊಡುವುದರೊಂದಿಗೆ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ವ್ಯವಸ್ಥಾಪಕರು ಆ ಸಂಜೆಯೇ ಕಡಲೆಬೀಜದ ಮಾರಾಟವನ್ನು ನಿಲ್ಲಿಸಿ, ಡ್ರಮ್ಮಿಗೆ ಮುಚ್ಚಳ ಹಾಕಿ ಮುದ್ರೆಯೊತ್ತಿದ ಕಾಗದ ಅಂಟಿಸಿದರು. ಮಾನ್ಯತೆ ಪಡೆದ ಪ್ರಯೋಗಾಲಯವೊಂದಕ್ಕೆ ಮಾದರಿ ಕಳುಹಿಸಿದರು. ವಾರದ ನಂತರ ಬಂದ ವರದಿಯಲ್ಲಿ ಅಫ್ಲಾಟಾಕ್ಸಿನ್ ಪ್ರಮಾಣ ಅನುಮತಿಸಿದ ಮಿತಿಗಿಂತ ಹೆಚ್ಚಿತ್ತು.

ಅಫ್ಲಾಟಾಕ್ಸಿನ್ ಎಂಬುದು ಮುಖ್ಯವಾಗಿ ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ ಕಡಲೆಬೀಜ, ಮೆಕ್ಕೆಜೋಳ ಮೊದಲಾದವುಗಳ ಮೇಲೆ ಬೆಳೆಯುವಾಗ ಉತ್ಪತ್ತಿ ಮಾಡುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಅದರ ಇರುವಿಕೆ ಮೊದಲು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ತೊಂದರೆಯಿಂದ ಮೃತಪಟ್ಟರು. ಸ್ವಲ್ಪ ಸ್ವಲ್ಪವಾಗಿ ಬಹಳ ಕಾಲ ದೇಹ ಸೇರಿದರೆ ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹುರಿದರೆ ಬೂಷ್ಟು ಸಾಯುತ್ತದೆಯೇ ಹೊರತು ಈ ವಿಷ ಪೂರ್ತಿಯಾಗಿ ನಾಶವಾಗುವುದಿಲ್ಲ. ‘ಚೆನ್ನಾಗಿ ಹುರಿದುಬಿಟ್ಟರೆ ಏನೂ ಆಗುವುದಿಲ್ಲ’ ಎಂಬ ನಮ್ಮ ಮನೆಗಳ ಸಮಾಧಾನಕ್ಕೆ ಆಧಾರವಿಲ್ಲ. ಇದರ ಮಿತಿಯನ್ನು ಕಿಲೋಗೆ ಇಷ್ಟು ಮೈಕ್ರೊಗ್ರಾಂ ಎಂದು ಅಳೆಯುತ್ತಾರೆ, ಅಂದರೆ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕ. ವಿಷವು ಇಡೀ ಚೀಲಕ್ಕೆ ಸಮನಾಗಿ ಹರಡಿರುವುದೂ ಇಲ್ಲ. ಕೆಲವೇ ಕಾಳುಗಳಲ್ಲಿ ವಿಪರೀತವಾಗಿರುತ್ತದೆ. ಹೀಗಾಗಿ ಚೀಲದ ಬಾಯಿಂದ ಒಂದು ಹಿಡಿ ತೆಗೆದು ನೋಡಿ ‘ಚೆನ್ನಾಗಿದೆ’ ಎನ್ನುವುದು ಪರೀಕ್ಷೆಯಾಗುವುದಿಲ್ಲ.

ಈಗ ಮಳಿಗೆ ಸರಿಯಾಗಿ ಮಾಡಿದ ಕೆಲಸದ ಬಗ್ಗೆ ಹೇಳಬೇಕು, ಏಕೆಂದರೆ ಅದು ನಿಜಕ್ಕೂ ದೊಡ್ಡದು. ಪ್ರಯೋಗಾಲಯದ ವರದಿ ಬರಲೆಂದು ಅವರು ಕಾಯಲಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಸೆಕ್ಷನ್, ಆಹಾರ ನಿಯಮಕ್ಕೆ ಅನುಗುಣವಾಗಿಲ್ಲವೆಂದು ನಂಬಲು ಕಾರಣವಿದ್ದರೇ ಸಾಕು, ಉದ್ದಿಮೆದಾರ ಕೂಡಲೇ ಅದನ್ನು ಹಿಂದಕ್ಕೆ ಪಡೆಯಲು ಆರಂಭಿಸಬೇಕು, ಕಾರಣವನ್ನೂ ತಿಳಿಸಬೇಕು, ಅಧಿಕಾರಿಗಳ ಗಮನಕ್ಕೂ ತರಬೇಕು ಎನ್ನುತ್ತದೆ. ಸಾಬೀತಾಗಲಿ, ಆಮೇಲೆ ನೋಡೋಣ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಮರುದಿನ ಬೆಳಿಗ್ಗೆಯೇ ಬಿಲ್ಲುಗಳಿಂದ ಕಡಲೆಬೀಜ ಕೊಂಡವರ ಪಟ್ಟಿ ತೆಗೆದು, ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿ ಸುಮ್ಮನಾಗದೆ, ಒಬ್ಬೊಬ್ಬರಿಗೂ ಫೋನ್ ಮಾಡಿದರು. ಕರೆ ಮಾಡುತ್ತಿದ್ದ ಯುವತಿಯ ಪಕ್ಕದಲ್ಲಿ ನಾನು ಪಟ್ಟಿ ಹಿಡಿದು ಕುಳಿತಿದ್ದೆ. “ಅಮ್ಮಾ, ನಮಸ್ಕಾರ, ಸಂಘದಿಂದ ಮಾತಾಡ್ತಿದೀನಿ. ನೀವು ತಗೊಂಡು ಹೋದ ಕಡಲೆಬೀಜ ಇನ್ನೂ ಇದೆಯಾ? ದಯವಿಟ್ಟು ಉಪಯೋಗಿಸಬೇಡಿ. ಡಬ್ಬಿಗೆ ಸುರಿದಿದ್ದರೆ ಡಬ್ಬಿ ಸಮೇತ ತನ್ನಿ, ನಾವೇ ತೊಳೆದು ಕೊಡ್ತೀವಿ” ಎಂದು ಆಕೆ ಪ್ರತಿಯೊಬ್ಬರಿಗೂ ತಾಳ್ಮೆಯಿಂದ ಹೇಳುತ್ತಿದ್ದಳು. ಫೋನ್ ತೆಗೆಯದ ಹಿರಿಯರ ಮನೆಗಳಿಗೆ ಹುಡುಗನೊಬ್ಬ ಸೈಕಲ್ಲಿನಲ್ಲಿ ಹೋಗಿ ಬಂದ. ಹಣವನ್ನು ಮುಂದಿನ ಖರೀದಿಗೆ ಜಮಾ ಮಾಡದೆ ಕೈಗೇ ಕೊಟ್ಟರು. ಬಿಲ್ ಇಟ್ಟುಕೊಂಡಿಲ್ಲದವರನ್ನು ಬಿಲ್ ಕೇಳಲಿಲ್ಲ.

ಸಾವಿರಾರು ಅಪರಿಚಿತ ಗಿರಾಕಿಗಳು ನಗದು ಕೊಟ್ಟು ಹೋಗುವ ದೊಡ್ಡ ಅಂಗಡಿಗೆ ಇದು ಸಾಧ್ಯವೇ ಇಲ್ಲ. ಅಲ್ಲಿ ಬಾಗಿಲ ಬಳಿ ಒಂದು ಪ್ರಕಟಣೆ ಅಂಟಿಸಿ, ಓದಿದವರು ಓದಲಿ ಎಂದು ಬಿಡಬೇಕಾಗುತ್ತದೆ. ಯಾರು ಏನು ಕೊಂಡರು ಎಂಬುದನ್ನು ಹೆಸರು, ವಿಳಾಸ ಸಮೇತ ಬಲ್ಲ ಸದಸ್ಯರ ಅಂಗಡಿಗೆ ಮಾತ್ರ ಅಡುಗೆಮನೆಯ ಡಬ್ಬಿಯವರೆಗೂ ತಲುಪುವ ಸಾಮರ್ಥ್ಯವಿದೆ.

ಆದರೆ ಮಳಿಗೆಗೆ ತಿಳಿದಿದ್ದದ್ದು ಸರಪಳಿಯ ಒಂದು ತುದಿ ಮಾತ್ರ. ಬೀಜ ಯಾರ ಮನೆಗೆ ಹೋಯಿತು ಎಂಬುದಕ್ಕೆ ಲೆಕ್ಕವಿತ್ತು. ಯಾವ ಚೀಲದಿಂದ ಹೋಯಿತು ಎಂಬುದಕ್ಕೆ ಇರಲಿಲ್ಲ. ಎರಡು ರೈತ ಗುಂಪುಗಳಿಂದ ಬಂದ ಚೀಲಗಳನ್ನು ಒಂದೇ ಕಡೆ ಪೇರಿಸಿ, ಡ್ರಮ್ಮು ಅರ್ಧ ಖಾಲಿಯಾದಾಗಲೆಲ್ಲ ಕೈಗೆ ಸಿಕ್ಕ ಚೀಲವನ್ನು ಬಿಚ್ಚಿ ಹಳೆಯದರ ಮೇಲೆಯೇ ಸುರಿಯುವುದು ರೂಢಿಯಾಗಿತ್ತು. ಪೊಟ್ಟಣದ ಮೇಲೆ ಕಟ್ಟಿದ ದಿನಾಂಕ, ತೂಕ, ಬೆಲೆ, ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಎಲ್ಲವೂ ಇದ್ದವು. ಬ್ಯಾಚ್ ಸಂಖ್ಯೆಯ ಜಾಗದಲ್ಲಿ ಕಟ್ಟಿದ ದಿನಾಂಕವನ್ನೇ ಮತ್ತೊಮ್ಮೆ ಬರೆಯಲಾಗಿತ್ತು. ಒಂದೇ ದಿನ ಎರಡು ಊರುಗಳ ಬೀಜ ಕಟ್ಟಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಡ್ರಮ್ಮಿನ ತಳ ಎಂದೂ ಪೂರ್ತಿ ಖಾಲಿಯಾಗದೆ ಇದ್ದುದರಿಂದ ಹಿಂದಿನ ತಿಂಗಳಿನ ಕಾಳುಗಳೂ ಹೊಸದರೊಂದಿಗೆ ಸೇರಿ ಹೋಗಿರಬಹುದಿತ್ತು. ಕಡೆಗೆ ಎಷ್ಟು ಹಿಂದಿನ ದಿನಾಂಕದವರೆಗಿನ ಮಾಲನ್ನು ವಾಪಸ್ ಕರೆಯಬೇಕು ಎಂದು ತೀರ್ಮಾನಿಸಲಾಗದೆ, ಆ ಋತುವಿನ ಅಷ್ಟೂ ಕಡಲೆಬೀಜವನ್ನು ವಾಪಸ್ ಕರೆಯಬೇಕಾಯಿತು. ಅದು ಸರಿಯಾದ ತೀರ್ಮಾನವೇ. ಅನುಮಾನವಿರುವಾಗ ಹೆಚ್ಚು ಕರೆಯುವುದೇ ಮೇಲು, ಮತ್ತು ಕಾಯ್ದೆಯೂ ಒಂದು ಬ್ಯಾಚಿನ ಭಾಗ ಅಸುರಕ್ಷಿತವೆಂದು ಕಂಡರೆ, ಬೇರೆಯೆಂದು ತೋರಿಸುವವರೆಗೆ ಇಡೀ ಬ್ಯಾಚನ್ನು ಅಸುರಕ್ಷಿತವೆಂದೇ ಎಣಿಸುತ್ತದೆ. ಆದರೆ ಚೀಲಕ್ಕೊಂದು ಸಂಖ್ಯೆ ಇದ್ದಿದ್ದರೆ ಕೆಲವು ಚೀಲಗಳಿಗೆ ಮುಗಿಯುತ್ತಿದ್ದ ನಷ್ಟ ಇಡೀ ದಾಸ್ತಾನಿಗೆ ತಗುಲಿತು.

ಇದರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ರೈತರಿಗಾದ ಅನ್ಯಾಯ. ಈ ಶಿಲೀಂಧ್ರ ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟರೆ ಹೊಲದಲ್ಲಿಯೇ ಹಿಡಿಯಬಹುದು. ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ ಕಣದಲ್ಲಿ ಹಿಡಿಯಬಹುದು. ಎಲ್ಲ ಸರಿಯಾಗಿದ್ದು ಬೆಂಗಳೂರಿನ ಮಳೆಗಾಲದಲ್ಲಿ ತೇವದ ಗೋಡೆಗೆ ಒತ್ತಿ, ಹಲಗೆಯಿಲ್ಲದ ನೆಲದ ಮೇಲೆ ಚೀಲ ಇಟ್ಟರೆ ಮಳಿಗೆಯ ಉಗ್ರಾಣದಲ್ಲಿಯೂ ಹಿಡಿಯಬಹುದು. ಮೂರರಲ್ಲಿ ಯಾವುದು ನಡೆಯಿತು ಎಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಆದರೂ ಎರಡೂ ಗುಂಪುಗಳ ಹೆಸರು ಸದಸ್ಯರ ಬಾಯಲ್ಲಿ ಓಡಾಡಿತು. ಒಂದು ಗುಂಪಿನ ಬೀಜ ಸಂಪೂರ್ಣ ಶುದ್ಧವಾಗಿದ್ದಿರಬಹುದು. ಅದನ್ನು ತೋರಿಸಿಕೊಡುವ ದಾರಿಯನ್ನು ನಾವು ಅವರಿಗೆ ಉಳಿಸಿರಲಿಲ್ಲ. ಚೀಲದ ಸಂಖ್ಯೆ ಕೇಳಿದರೆ ರೈತರ ಮೇಲೆ ಅಪನಂಬಿಕೆ ತೋರಿದಂತಾಗುತ್ತದೆ ಎಂದು ಆಡಳಿತ ಮಂಡಳಿಯ ಹಿರಿಯರೊಬ್ಬರು ವಾದಿಸಿದರು. ಅವರ ಕಾಳಜಿ ಪ್ರಾಮಾಣಿಕವಾದದ್ದು, ಆದರೆ ನಾನು ಅದನ್ನು ಒಪ್ಪಲಾರೆ. ಪರಿಚಯದ ಮೇಲೆ ನಡೆಯುವ ಸಂಘದಲ್ಲಿ ಸಂಖ್ಯೆಯೇ ರೈತರಿಗೆ ರಕ್ಷಣೆ. ಅದಿಲ್ಲದಿದ್ದರೆ ಒಬ್ಬರ ದೋಷಕ್ಕೆ, ಅಥವಾ ನಮ್ಮದೇ ಉಗ್ರಾಣದ ದೋಷಕ್ಕೆ, ಎಲ್ಲ ಬೆಳೆಗಾರರೂ ಹೊಣೆಯಾಗುತ್ತಾರೆ.

ಎರಡನೆಯ ಲೋಪ ಇದಕ್ಕಿಂತ ಗಂಭೀರವಾದದ್ದು. ವಾಪಸಾತಿ ಪ್ರಾರಂಭವಾದ ಮೇಲೆ ಕೆಲವು ದಿನಗಳವರೆಗೂ ಮಳಿಗೆಯ ಮುಂಗಟ್ಟಿನಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣಗಳು ಹಾಗೆಯೇ ಮಾರಾಟವಾಗುತ್ತಿದ್ದವು. ಅದನ್ನು ಮಾಡಿಕೊಡುವ ಮಹಿಳೆಯರ ಸ್ವಸಹಾಯ ಗುಂಪು ಬೀಜ ಕೊಳ್ಳುವುದು ಇದೇ ಮಳಿಗೆಯಿಂದ. ಪಟ್ಟಿಯಲ್ಲಿ ಆ ಗುಂಪಿನ ಸದಸ್ಯತ್ವ ಸಂಖ್ಯೆಯಿತ್ತು, ಅವರಿಗೂ ಕರೆ ಹೋಗಿತ್ತು, ಉಳಿದ ಬೀಜವನ್ನು ಅವರು ಹಿಂದಿರುಗಿಸಿಯೂ ಇದ್ದರು; ಆದರೆ ಆಗಲೇ ಪುಡಿಯಾಗಿ ಬೇರೆ ಹೆಸರಿನಲ್ಲಿ ನಮ್ಮದೇ ಕಪಾಟು ಸೇರಿದ್ದ ಮಾಲಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಕಚ್ಚಾ ಪದಾರ್ಥದ ದೋಷ ಎಷ್ಟು ದೂರ ಹರಡಬಲ್ಲದು ಎಂಬುದಕ್ಕೆ ಅಮೆರಿಕದ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿಯ ಪ್ರಕರಣವಿದೆ. 2008 ಮತ್ತು 2009ರಲ್ಲಿ ಅದರ ಕಡಲೆಬೀಜದ ಪದಾರ್ಥಗಳಲ್ಲಿದ್ದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ 714 ಜನರು ಕಾಯಿಲೆ ಬಿದ್ದದ್ದು ದಾಖಲಾಯಿತು, ಒಂಬತ್ತು ಜನ ಸತ್ತರು. ಬಿಸ್ಕತ್ತು, ಐಸ್‌ಕ್ರೀಂ, ಮಿಠಾಯಿ ಎಂದು 3,900ಕ್ಕೂ ಹೆಚ್ಚು ಬಗೆಯ ಉತ್ಪನ್ನಗಳನ್ನು ವಾಪಸ್ ಪಡೆಯಬೇಕಾಯಿತು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಆ ಕಂಪನಿಯ ಹೆಸರೇ ಇರಲಿಲ್ಲ. ದೋಷ ತಿಳಿದೂ ಮಾಲು ಕಳುಹಿಸಿದ ಅದರ ಮಾಲೀಕನಿಗೆ 2015ರಲ್ಲಿ 28 ವರ್ಷಗಳ ಶಿಕ್ಷೆಯಾಯಿತು. ನಮ್ಮ ಸಂಘದಲ್ಲಿ ಯಾರೂ ತಿಳಿದು ತಪ್ಪು ಮಾಡಿಲ್ಲ. ಆದರೆ ಬೀಜ ಎಲ್ಲೆಲ್ಲಿಗೆ ಹೋಗುತ್ತದೆ, ಏನೇನಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಆ ಚಟ್ನಿಪುಡಿ ಮೊದಲ ದಿನವೇ ಕಪಾಟಿನಿಂದ ಇಳಿಯುತ್ತಿತ್ತು.

ಹಿಂದಿರುಗಿ ಬಂದ ಬೀಜವನ್ನು ಏನು ಮಾಡಬೇಕು ಎಂಬ ವಿಷಯದಲ್ಲಿಯೂ ಗೊಂದಲವಿತ್ತು. ಚೀಲಗಳನ್ನು ಕೆಲವು ದಿನ ಮಾರಾಟದ ಸರಕಿನ ಪಕ್ಕದಲ್ಲಿಯೇ ಇಡಲಾಗಿತ್ತು, ಮೇಲೆ ಗುರುತಿನ ಚೀಟಿಯೂ ಇರಲಿಲ್ಲ. ಸರದಿಗೆ ಬಂದ ಹೊಸ ಸ್ವಯಂಸೇವಕರು ಅದನ್ನೇ ಬಿಚ್ಚಿ ಕಟ್ಟಿದ್ದರೆ ಕೇಳುವವರಿರಲಿಲ್ಲ. ಅನ್ನ ಚೆಲ್ಲಬಾರದು ಎಂಬ ನಮ್ಮ ಸಂಸ್ಕಾರದಿಂದಲೇ ಇರಬೇಕು, ‘ದನಗಳಿಗಾದರೂ ಹಾಕಬಹುದಲ್ಲ’, ‘ಗಾಣಕ್ಕೆ ಕೊಟ್ಟರೆ ಎಣ್ಣೆಯಾದರೂ ಬರುತ್ತದೆ’ ಎಂಬ ಸಲಹೆಗಳು ಬಂದವು. ಎರಡೂ ಅಪಾಯಕಾರಿ. ವಿಷದ ಬಹುಪಾಲು ಹಿಂಡಿಯಲ್ಲಿ ಉಳಿದರೂ ಸ್ವಲ್ಪ ಎಣ್ಣೆಗೂ ಇಳಿಯುತ್ತದೆ. ಕಾರ್ಖಾನೆಯ ಶುದ್ಧೀಕರಣದಲ್ಲಿ ಅದು ಕಳೆಯುತ್ತದೆ, ಶುದ್ಧೀಕರಿಸದೆ ಬಳಸುವ ಗಾಣದ ಎಣ್ಣೆಯಲ್ಲಿ ಕಳೆಯುವುದಿಲ್ಲ. ಹಿಂಡಿಯನ್ನೋ ಬೀಜವನ್ನೋ ತಿಂದ ಹಸುವಿನ ದೇಹದಲ್ಲಿ ಅದು ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಬರುತ್ತದೆ. 2019ರಲ್ಲಿ ಪ್ರಕಟವಾದ ಎಫ್‌ಎಸ್‌ಎಸ್‌ಎಐ ಹಾಲಿನ ಸಮೀಕ್ಷೆಯಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಮಾದರಿಗಳಲ್ಲಿ ಶೇ. 5.7ರಷ್ಟರಲ್ಲಿ ಎಂ1 ಪ್ರಮಾಣ ಮಿತಿ ಮೀರಿತ್ತು. ನೀರು ಬೆರೆಸುವುದಕ್ಕಿಂತ ದೊಡ್ಡ ಚಿಂತೆಯಾಗಿ ಅಂದು ಎದ್ದು ಕಂಡದ್ದು ಇದೇ. ಹಾಗಾಗಿ ದೊಡ್ಡವರ ತಟ್ಟೆಯಿಂದ ತೆಗೆದದ್ದನ್ನು ದನದ ಮುಂದೆ ಸುರಿದರೆ ಅದು ಮಗುವಿನ ಲೋಟಕ್ಕೆ ಮರಳಿ ಬರಬಹುದು. ಕೊನೆಗೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ, ಇಡೀ ದಾಸ್ತಾನನ್ನು ನಾಶಪಡಿಸಿ, ತೂಕವನ್ನು ವಹಿಯಲ್ಲಿ ದಾಖಲಿಸಿದರು. ಮಾರಿದ್ದೆಷ್ಟು, ಮರಳಿದ್ದೆಷ್ಟು, ನಾಶವಾದದ್ದೆಷ್ಟು ಎಂಬ ಮೂರು ಅಂಕಿಗಳು ಮಳಿಗೆಯ ಫಲಕದ ಮೇಲೆ ಬಂದಾಗ ನನಗೆ ಸಮಾಧಾನವಾಯಿತು.

ಕಾನೂನಿನ ವಿಷಯದಲ್ಲಿ ಸಂಘದ ತಿಳಿವಳಿಕೆ ಅಪೂರ್ಣವಾಗಿದೆ ಎಂದು ಬರೆಯಲೇಬೇಕು. 2017ರ ಆಹಾರ ವಾಪಸಾತಿ ನಿಯಮಾವಳಿಯ ಪ್ರಕಾರ ತಯಾರಕರು, ಆಮದುದಾರರು, ಸಗಟು ಪೂರೈಕೆದಾರರು ಲಿಖಿತ ವಾಪಸಾತಿ ಯೋಜನೆ ಇಟ್ಟುಕೊಂಡಿರಬೇಕು. ಬರೀ ಚಿಲ್ಲರೆ ಮಾರುವವರಿಗೆ ಅದು ಕಡ್ಡಾಯವಲ್ಲ. ‘ನಾವು ಅಂಗಡಿಯವರು ಮಾತ್ರ’ ಎಂದು ಮಂಡಳಿ ಇದುವರೆಗೆ ನಂಬಿಕೊಂಡಿತ್ತು. ಆದರೆ ಚೀಲ ಬಿಚ್ಚಿ, ಸಂಘದ ಹೆಸರಿನ ಪೊಟ್ಟಣದಲ್ಲಿ ತುಂಬಿ, ಸ್ವಸಹಾಯ ಗುಂಪಿಗೂ ಚೀಲಗಟ್ಟಲೆ ಮಾರಿದ ಮೇಲೆ ಬರೀ ಅಂಗಡಿ ಎಂಬ ಮಾತು ನಿಲ್ಲುವುದಿಲ್ಲ. ಅದೂ ಹೋಗಲಿ, ಯಾರಿಂದ ಬಂತು ಎಂದು ಗುರುತಿಸಲಾಗದ ಆಹಾರ ಮಾರಿದರೆ ಮಾರಿದವರೇ ಹೊಣೆ ಎಂದು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ನಮ್ಮ ಮಿಶ್ರ ಡ್ರಮ್ಮಿನ ಸ್ಥಿತಿ ಅದೇ ಆಗಿತ್ತು.

ಪರೀಕ್ಷೆಗೆ ಮಾನ್ಯತೆ ಪಡೆದ ಪ್ರಯೋಗಾಲಯವನ್ನೇ ಆರಿಸಿಕೊಂಡದ್ದು ಒಳ್ಳೆಯ ನಿರ್ಧಾರ. 2015ರ ಜೂನ್ ತಿಂಗಳಿನಲ್ಲಿ ಮ್ಯಾಗಿ ನೂಡಲ್ಸನ್ನು ಎಫ್‌ಎಸ್‌ಎಸ್‌ಎಐ ನಿಷೇಧಿಸಿದ್ದು, ಅದನ್ನು ದೇಶದ ಎಲ್ಲ ಅಂಗಡಿಗಳಿಂದ ವಾಪಸ್ ಪಡೆದದ್ದು ಎಲ್ಲರಿಗೂ ನೆನಪಿರುತ್ತದೆ. ಅದೇ ವರ್ಷ ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದುಗೊಳಿಸಿದಾಗ ಕೊಟ್ಟ ಕಾರಣಗಳಲ್ಲಿ ಎರಡು ನಮಗೆ ಸಂಬಂಧಿಸಿವೆ: ಕಂಪನಿಯ ಅಹವಾಲು ಕೇಳದೆ ಆದೇಶ ಹೊರಡಿಸಿದ್ದು, ಮತ್ತು ಪರೀಕ್ಷೆ ನಡೆದ ಪ್ರಯೋಗಾಲಯಗಳಿಗೆ ತಕ್ಕ ಮಾನ್ಯತೆ ಇಲ್ಲದೆ ಇದ್ದದ್ದು. ದೊಡ್ಡ ಕಂಪನಿಗೆ ಸಿಕ್ಕ ಆ ನ್ಯಾಯ ಚಳ್ಳಕೆರೆಯ ರೈತರಿಗೂ ಸಿಗಬೇಕು. ಮಾದರಿ ತೆಗೆಯುವಾಗ ಅವರ ಪ್ರತಿನಿಧಿಯೊಬ್ಬರು ಹಾಜರಿರಬೇಕಿತ್ತು, ಮುದ್ರೆ ಹಾಕಿದ ಒಂದು ಭಾಗ ಅವರಿಗೂ ಸಲ್ಲಬೇಕಿತ್ತು. ಫೋನಿನಲ್ಲಿ ವಿಷಯ ತಿಳಿಸಿದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ. ಮ್ಯಾಗಿಯ ಸಂದರ್ಭದಲ್ಲಿ ಮನೆಯವರ ಕೈಯಲ್ಲಿ ಹೆಸರು, ಬ್ಯಾಚ್ ಎಲ್ಲ ಮುದ್ರಿತವಾದ ಹೊದಿಕೆಯಾದರೂ ಇತ್ತು ಎಂಬುದನ್ನೂ ಗಮನಿಸಬೇಕು. ಡಬ್ಬಿ ತಂದು ಬಿಡಿಯಾಗಿ ಕೊಂಡವರ ಬಳಿ ಅದೂ ಇರುವುದಿಲ್ಲ. ಪ್ಲಾಸ್ಟಿಕ್ ಉಳಿಸುವ ಆ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ, ಅದು ನಿಲ್ಲಬಾರದು. ಡಬ್ಬಿಯ ಮೇಲೆ ಅಂಟಿಸಲು ಒಂದು ಸಣ್ಣ ಚೀಟಿ ಕೊಟ್ಟರೆ ಸಾಕು.

ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರ ಡಿಸೆಂಬರ್ 21ರಂದು ನೇಕಾರರೂ ಇತರ ಕೆಲಸಗಾರರೂ ಸೇರಿ ತೆರೆದ ಅಂಗಡಿಯಿಂದ ಇಂದಿನ ಸಹಕಾರ ಚಳವಳಿ ಬೆಳೆಯಿತು. ಹಿಟ್ಟಿಗೆ ಸೀಮೆಸುಣ್ಣ ಬೆರೆಸುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆಯನ್ನು ಸರಿಯಾದ ತೂಕದಲ್ಲಿ ಕೊಡುವುದೇ ಅವರ ವಾಗ್ದಾನವಾಗಿತ್ತು. ಆದ್ದರಿಂದ ಸಹಕಾರಿ ಮಳಿಗೆಯಿಂದ ಬೇರೆ ಅಂಗಡಿಗಳಿಗಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ತಪ್ಪಲ್ಲ.

ಆನಂತರ ಮಳಿಗೆಯಲ್ಲಿ ಬದಲಾವಣೆಗಳು ಆಗಿವೆ. ಚೀಲಗಳು ಈಗ ಗೋಡೆಯಿಂದ ಒಂದಡಿ ದೂರದಲ್ಲಿ, ಮರದ ಹಲಗೆಗಳ ಮೇಲಿವೆ. ಬಂದ ಚೀಲಕ್ಕೆ ಬಾಗಿಲಲ್ಲಿಯೇ ಊರಿನ ಹೆಸರು, ದಿನಾಂಕ, ಕ್ರಮಸಂಖ್ಯೆ ಬರೆದ ರಟ್ಟು ಕಟ್ಟುತ್ತಾರೆ. ಆ ಸಂಖ್ಯೆ ಪೊಟ್ಟಣಕ್ಕೂ ಬರುತ್ತದೆ. ಡ್ರಮ್ಮನ್ನು ಪೂರ್ತಿ ಖಾಲಿ ಮಾಡಿ, ಒರೆಸಿ, ಒಣಗಿಸಿದ ಮೇಲೆಯೇ ಮುಂದಿನ ಚೀಲ ಸುರಿಯುತ್ತಾರೆ. ತೇವಾಂಶ ಅಳೆಯುವ ಸಣ್ಣ ಯಂತ್ರವೊಂದು ಬಂದಿದೆ, ಅದನ್ನು ಎಲ್ಲರೂ ಬಳಸಲು ಇನ್ನೂ ಕಲಿಯಬೇಕಾಗಿದೆ. ಕಪಾಟಿನ ಒಂದು ಪೊಟ್ಟಣವನ್ನು ಆರಿಸಿಕೊಂಡು, ಅದೇ ಚೀಲದ ಉಳಿದ ಪೊಟ್ಟಣಗಳು ಯಾರ ಮನೆಯಲ್ಲಿವೆ ಎಂದು ಒಂದೆರಡು ಗಂಟೆಗಳಲ್ಲಿ ಪತ್ತೆ ಹಚ್ಚುವ ಅಭ್ಯಾಸವನ್ನು ವರ್ಷಕ್ಕೆರಡು ಬಾರಿಯಾದರೂ ಮಾಡಬೇಕೆಂದು ಕೆಲವರು ಕೇಳಿದ್ದೇವೆ. ವಾರ್ಷಿಕ ಮಹಾಸಭೆಯ ಮುಂದೆ ಅದು ಬರಲಿದೆ. ಲಿಖಿತ ವಾಪಸಾತಿ ಯೋಜನೆಯ ಕರಡೂ ಅಲ್ಲಿಗೇ ಬರಬೇಕು, ಬರುತ್ತದೆಂದು ಕಾರ್ಯದರ್ಶಿಗಳು ಹೇಳಿದ್ದಾರೆ.

ಸದಸ್ಯರಾಗಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು ಎಂದೇ. ಅಕ್ಕಿ, ರಾಗಿ, ಬೇಳೆ, ಬೆಲ್ಲಗಳನ್ನು ನಿಶ್ಚಿಂತೆಯಿಂದ ಕೊಳ್ಳಬಹುದು; ಕೊಳ್ಳುವಾಗ ಪೊಟ್ಟಣದ ಮೇಲೆ ಚೀಲದ ಸಂಖ್ಯೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ, ಫೋನ್ ನಂಬರ್ ಬದಲಾಗಿದ್ದರೆ ಅಂದೇ ತಿಳಿಸಿ. ಅನುಮಾನವಿದ್ದರೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ದೋಷ ಕಂಡುಬಂದರೆ ಶುಲ್ಕ ಮರಳಿ ಸಿಗುತ್ತದೆ. ಶೇಂಗಾ ಚಟ್ನಿಪುಡಿಯ ಪೊಟ್ಟಣದ ಮೇಲೆ ಮಾತ್ರ ಅದಕ್ಕೆ ಬಳಸಿದ ಬೀಜದ ಚೀಲದ ಸಂಖ್ಯೆ ಇನ್ನೂ ಬರುತ್ತಿಲ್ಲ. ಅದು ಬರುವವರೆಗೆ, ಆ ಹೆಣ್ಣುಮಕ್ಕಳ ಶ್ರಮದ ಮೇಲೆ ಎಷ್ಟೇ ಗೌರವವಿದ್ದರೂ, ಮಕ್ಕಳಿರುವ ಮನೆಗಳಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.